ಮೆಟ್ಟಿನ ಬಳ್ಳಿಗೆ ಔಷಧಿ ಹೊಡೆದ ಬೇಸಗೆ

ಹೋದ ವಾರ ಬಿಡದಿಯಲ್ಲೇ ಇರುವ ಗೆಳತಿ ಸವಿತಾಳ ಮನೆಗೆ ಕಾಫಿಗೆ ಹೋಗಿದ್ದೆ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಅವಳು ದಾಸವಾಳದ ಕುಂಡಕ್ಕೆ ಔಷಧಿ ಸಿಂಪಡಿಸುತ್ತಿದ್ದಳು. ಬೆಳ್ಳುಳ್ಳಿ ಕೊಳೆತಂಥ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಎದ್ದುನಿಂತೆ. ಲೋಟ ಕೆಳಗಿಟ್ಟೆ. "ಯಾಕೆ ಶೈಲಾ, ಮುಖ ಹಂಗ್ಯಾಕಾಯ್ತು?" ಎಂದಳು. ತಲೆನೋವು ಎಂದೆ. ತಲೆನೋವು ಗಿಲೆನೋವು ಏನೂ ಇರಲಿಲ್ಲ. ಬಸ್ಸು ಹಿಡಿದು ಮನೆಗೆ ಬಂದವಳು ಅಡುಗೆಮನೆಯ ನೆಲದ ಮೇಲೆ ಸುಮ್ಮನೆ ಕೂತುಬಿಟ್ಟೆ. ಎಂಟು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದು ಇದೆ. ಗಂಡನಿಗೂ ಹೇಳಿಲ್ಲ. ಇವತ್ತು ಬರೆದುಬಿಡುತ್ತೇನೆ, ಆಮೇಲೆ ಏನಾದರೂ ಆಗಲಿ.

ಆಗ ನಾವು ರಾಮನಗರದ ಕಡೆಯ ಕೂಟಗಲ್ಲಿಗೆ ಹತ್ತಿರದ ಒಂದು ಊರಿನಲ್ಲಿ ಮಾವನವರ ಜೊತೆ ಇದ್ದೆವು. ನನ್ನ ತವರು ಮಾಗಡಿ. ಗಂಡ ಮಹೇಶ ಬಿಡದಿಯ ಫ್ಯಾಕ್ಟರಿಗೆ ಶಿಫ್ಟಿನ ಮೇಲೆ ಹೋಗಿ ಬರುತ್ತಿದ್ದರು. ಮನೆಯಲ್ಲಿ ರೇಷ್ಮೆ. ಹಿತ್ತಲಿಗೆ ತಾಗಿದ ಹಾಗೆ ಹುಳದ ಮನೆ, ಅದರಾಚೆ ರೇಷ್ಮೆ ಸೊಪ್ಪಿನ ತೋಟ. ಮಾವನವರದು ಆ ಮನೆಯಲ್ಲಿ ಒಂದೇ ಒಂದು ಕಾನೂನು, ಬೇಲಿಯ ಒಳಗೆ ಕ್ರಿಮಿನಾಶಕ ಬರಕೂಡದು. ರೇಷ್ಮೆ ಹುಳ ಎಂದರೆ ಅಷ್ಟು ಸೂಕ್ಷ್ಮ. ಅಕ್ಕಪಕ್ಕದ ಮಾವಿನ ತೋಪಿಗೆ ಔಷಧಿ ಹೊಡೆದು ಗಾಳಿ ಈ ಕಡೆ ಬೀಸಿದರೂ ಸಾಕು, ಆ ಸೊಪ್ಪು ತಿಂದ ಹುಳ ಬಾಯಲ್ಲಿ ನೀರು ಕಕ್ಕಿ ಸಾಯುತ್ತದೆ. ಸೊಳ್ಳೆಬತ್ತಿ ಕೂಡ ನಮ್ಮ ಮನೆಯಲ್ಲಿ ಹಚ್ಚುತ್ತಿರಲಿಲ್ಲ.

ನನಗೆ ಹುಳದ ಕೆಲಸ ಹಿಡಿಸಲಿಲ್ಲ. ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ ಓದಿದವಳು, ಏನಾದರೂ ನನ್ನದೇ ಆದದ್ದು ಮಾಡಬೇಕು ಎಂಬ ಜಂಭ ಬೇರೆ ಇತ್ತು. ಹಿತ್ತಲ ಮೂಲೆಯಲ್ಲಿ ಬಿದಿರ ಚಪ್ಪರ ಹಾಕಿಸಿ ಹೂವಿನ ಬಳ್ಳಿ ಬೆಳೆಸತೊಡಗಿದೆ. ಮಧುಮಾಲತಿ, ಶಂಖಪುಷ್ಪ, ಚಳಿಗಾಲಕ್ಕೆ ಕಿತ್ತಳೆ ಬಣ್ಣದಲ್ಲಿ ಉರಿಯುವ ಬೆಂಕಿಬಳ್ಳಿ, ಎಲ್ಲಕ್ಕಿಂತ ಮುಖ್ಯವಾಗಿ ಥನ್ಬರ್ಜಿಯಾ. ಚಪ್ಪರದಿಂದ ಮೊಳದುದ್ದ ಎಳೆಗಳು ಕೆಳಗೆ ಇಳಿಬಿದ್ದು, ಎಳೆಯ ತುಂಬ ಹಳದಿ ಮತ್ತು ಕಂದುಗೆಂಪು ಹೂವು ಬಾಯಿ ತೆರೆದುಕೊಂಡು ತೂಗುತ್ತಿದ್ದವು. ಹೂವಿನ ಚಪ್ಪಲಿಯಂಥ ಆಕಾರ ನೋಡಿ ಅತ್ತೆ ಅದಕ್ಕೆ ಮೆಟ್ಟಿನ ಬಳ್ಳಿ ಎಂದು ಹೆಸರಿಟ್ಟರು. "ದೇವ್ರಿಗೆ ಏರ್ಸಂಗಿಲ್ಲ, ತಲೇಗೆ ಮುಡಿಯಂಗಿಲ್ಲ, ಇದ್ಯಾತರ ಹೂವವ್ವ" ಎನ್ನುತ್ತಿದ್ದರು. ಬೈದರೂ ಬಿಂದಿಗೆಯಲ್ಲಿ ಉಳಿದ ನೀರನ್ನು ಅದರ ಬುಡಕ್ಕೇ ಸುರಿಯುತ್ತಿದ್ದರು.

ಆ ಹೂವಿಗೆ ಸೂರಕ್ಕಿ ಬರುತ್ತಿತ್ತು. ಹೆಬ್ಬೆರಳಷ್ಟು ಹಕ್ಕಿ. ಗಂಡಿಗೆ ಕತ್ತಿನಲ್ಲಿ ನೇರಳೆ ಮಿಂಚು, ಹೆಣ್ಣಿಗೆ ಹಳದಿ ಹೊಟ್ಟೆ. ತಲೆಕೆಳಗಾಗಿ ಜೋತುಬಿದ್ದು ಕೊಕ್ಕು ತೂರಿಸಿ ಮಕರಂದ ಹೀರುವುದನ್ನು ಮೊಬೈಲಿನಲ್ಲಿ ಹಿಡಿದು ಆನ್‌ಲೈನಿಗೆ ಹಾಕಿದೆ ನೋಡಿ, ಬೆಂಗಳೂರಿನವರು ಫೋನ್ ಮಾಡತೊಡಗಿದರು. "ಮೇಡಂ, ಈ ಬಳ್ಳಿ ಇಟ್ರೆ ಹಮ್ಮಿಂಗ್‌ಬರ್ಡ್ ಬರುತ್ತಾ?" ಎಂದು ಎಲ್ಲರದೂ ಒಂದೇ ಪ್ರಶ್ನೆ. ಅದು ಅಮೆರಿಕದ ಕಡೆಯ ಹಕ್ಕಿ ಸಾರ್, ನಮ್ಮ ದೇಶದಲ್ಲೇ ಇಲ್ಲ, ನಮ್ಮದು ಸೂರಕ್ಕಿ ಎಂದು ಬಾಯಿ ನೋಯುವವರೆಗೆ ಹೇಳುತ್ತಿದ್ದೆ. ಪರವಾಗಿಲ್ಲ, ಅದೇ ಥರ ಇದ್ರೆ ಸಾಕು ಎಂದು ಕುಂಡ ಕೊಂಡು ಒಯ್ಯುತ್ತಿದ್ದರು. ಜೇನು, ದುಂಬಿ, ಚಿಟ್ಟೆ ಎಲ್ಲ ನಮ್ಮ ಚಪ್ಪರಕ್ಕೆ ಬಂದವು. ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ಗುಂಯ್ ಎನ್ನುತ್ತಿತ್ತು. ಮದುವೆಯಾದ ಮೇಲೆ ಮೊದಲ ಸಲ ಈ ಮನೆ ನನ್ನದೂ ಹೌದು ಅನ್ನಿಸಿದ್ದು ಆ ಸದ್ದಿಗೆ.

ಜಯಕ್ಕನ ಬಗ್ಗೆ ಹೇಳಬೇಕು. ಎರಡು ಮನೆಯಾಚೆ ಇದ್ದಳು. ಗಂಡ ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಗಂಡ ನೋಡಿಕೊಳ್ಳುತ್ತಿದ್ದ ಸೊಪ್ಪಿನ ತೋಟದ ಮೇಲೆ ಗಂಡನ ಅಣ್ಣ ಪುಟ್ಟರಾಜುವಿಗೆ ಕಣ್ಣು. ಹೆಂಗಸು ಒಬ್ಬಳೇ ರೇಷ್ಮೆ ಬೆಳೆ ಎತ್ತಲಾರಳು, ಅಲ್ಲಿ ಮಾವಿನ ಸಸಿ ಇಡೋಣ ಎಂದು ಅವನ ಹಟ. ಕೊನೆಗೆ ನಮ್ಮ ಮಾವನವರನ್ನು ಮುಂದಿಟ್ಟುಕೊಂಡು ಮಾತಾಯಿತು. "ಒಂದ್ ಬೆಳೆ ನೋಡ್ತೀವಿ. ಸರ್ಯಾಗಿ ಎತ್ತಿದ್ರೆ ತೋಟ ನಿಂದೇಯ, ನಾನು ಆ ಕಡೀಕೆ ತಲೆ ಹಾಕಕ್ಕಿಲ್ಲ. ಕೆಡಿಸ್ಕಂಡ್ರೆ ಬುಟ್ಬುಡಬೇಕು" ಎಂದ ಪುಟ್ಟರಾಜು. ಜಯಕ್ಕ ಒಪ್ಪಿದಳು. ಒಪ್ಪದೆ ಅವಳಿಗೆ ಬೇರೆ ದಾರಿಯೂ ಇರಲಿಲ್ಲ.

ಶಿವರಾತ್ರಿ ಕಳೆದು ಮೂರು ದಿನಕ್ಕೆ ಅವಳು ಮರಿಹುಳ ತಂದಳು. ನಾನು ಬಿಡುವಾದಾಗಲೆಲ್ಲ ಹೋಗಿ ಸೊಪ್ಪು ಕತ್ತರಿಸಿಕೊಡುತ್ತಿದ್ದೆ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. ಒಂದೊಂದು ಜ್ವರ ದಾಟಿದಾಗಲೂ ಜಯಕ್ಕ ನಮ್ಮ ಬೇಲಿಯ ಹತ್ತಿರ ಬಂದು ಹೇಳಿ ಹೋಗುತ್ತಿದ್ದಳು. ನಾಲ್ಕನೆಯದು ದಾಟಿದ ದಿನ ನನ್ನ ಕೈ ಹಿಡಿದು, "ಇನ್ನೊಂದು ವಾರ ಕಣ್ ಶೈಲವ್ವ, ಹುಳ ಎಲ್ಲಾ ಒಂದೇ ಸಮಕ್ಕವೆ. ಅವ್ರು ಇದ್ದಾಗ್ಲೂ ಇಂಗೆ ಬಂದಿರ್ನಿಲ್ಲ" ಎಂದಳು. ಅವಳ ಅಂಗೈ ಸೊಪ್ಪಿನ ಕರೆಯಿಂದ ಕಪ್ಪಾಗಿತ್ತು.

ನನಗೆ ಆ ಹೊತ್ತಿಗೆ ಬೇರೆಯದೇ ಗೋಳು. ಹೊರಗಿನ ನರ್ಸರಿಯಿಂದ ತಂದ ಮಧುಮಾಲತಿ ಸಸಿಯೊಂದರಲ್ಲಿ ಹಿಟ್ಟು ತಿಗಣೆ ಬಂದಿತ್ತು. ನಾನು ನೋಡಿದ್ದು ತಡವಾಗಿ. ಬಳ್ಳಿಯ ಕುಡಿಗಳಲ್ಲಿ ಹತ್ತಿ ಮೆತ್ತಿದ ಹಾಗೆ ಬಿಳಿ ಬಿಳಿ. ಕುಡಿ ಮುರುಟುತ್ತಿತ್ತು, ಮೊಗ್ಗು ಅರಳುವ ಮೊದಲೇ ಉದುರುತ್ತಿತ್ತು. ಅದು ಸೊಪ್ಪಿನ ತೋಟಕ್ಕೂ ಹತ್ತುವ ಪೀಡೆ. ಮಾವನವರು ಒಂದು ದಿನ ಚಪ್ಪರದ ಕೆಳಗೆ ನಿಂತು ಕುಡಿಯೊಂದನ್ನು ಬೆರಳಲ್ಲಿ ತಿರುವಿ ನೋಡಿದರು. "ಸೊಪ್ಪಿಗೆ ಇದು ಹತ್ತುದ್ರೆ ಚಪ್ಪರ ಇರಕ್ಕಿಲ್ಲ ಕಣವ್ವ. ಯುಗಾದಿಯೊಳಗೆ ಹೋಗ್ಲಿಲ್ಲ ಅಂದ್ರೆ ನಾನೇ ಬುಡಕ್ಕೆ ಕೊಡ್ಲಿ ಹಾಕ್ತೀನಿ" ಎಂದರು. ದನಿ ಎತ್ತಲಿಲ್ಲ. ಅವರು ದನಿ ಎತ್ತದೆ ಹೇಳಿದ್ದನ್ನು ಮಾಡದೆ ಬಿಟ್ಟವರಲ್ಲ.

ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ. ಕೈಪಂಪಿನಲ್ಲಿ ಸೋಪಿನ ನೀರು ಹೊಡೆದೆ. ಬೇವಿನೆಣ್ಣೆ ಹೊಡೆದೆ. ಇವತ್ತು ಉಜ್ಜಿದ ಕುಡಿಯಲ್ಲಿ ನಾಳಿದ್ದು ಮತ್ತೆ ಬಿಳಿ. ರೇಷ್ಮೆ ಇಲಾಖೆಯವರೊಬ್ಬರನ್ನು ಕೇಳಿದ್ದಕ್ಕೆ, ಗುಲಗಂಜಿ ಹುಳ ತರಿಸಿಕೊಡ್ತೀನಿ, ಅವು ಈ ತಿಗಣೆಯನ್ನೇ ತಿಂದು ಬದುಕೋವು, ಒಂದು ವಾರ ತಡೀರಿ ಎಂದರು. ಒಂದು ವಾರ ತಡೆಯಲು ನನಗೇನಾಗಿತ್ತು ದಾಡಿ? ಯೋಚಿಸಿದರೆ ಈಗಲೂ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ. ರಾಮನಗರಕ್ಕೆ ಹೋಗಿ ಒಂದು ಅಂಗಡಿಯಲ್ಲಿ ಔಷಧಿ ಕೇಳಿದೆ. ಅಂಗಡಿಯಾತ ಬಾಟಲಿ ಕೈಗೆ ಕೊಡುವ ಮೊದಲು ಕೇಳಿದ, "ಮನೇಲಿ ರೇಷ್ಮೆ ಐತೇನಮ್ಮ?" ಇಲ್ಲ ಎಂದೆ.

ಪೂರ್ತಿ ಸುಳ್ಳಲ್ಲ ಎಂದು ಬಸ್ಸಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಮ್ಮ ಮನೆಯ ಬೆಳೆ ಅದೇ ವಾರ ಮುಗಿದಿತ್ತು. ಗೂಡು ಮಾರುಕಟ್ಟೆಗೆ ಹೋಗಿ ಹುಳದ ಮನೆ ಖಾಲಿ ಇತ್ತು. ಮೇವು ಮುಗಿಸಿ ಹಣ್ಣಾದ ಹುಳವನ್ನು ಗೂಡು ಕಟ್ಟಲೆಂದು ಬಿಡುವ ಬಿದಿರ ತಟ್ಟಿಗಳನ್ನು, ಅದೇ ಚಂದ್ರಿಕೆಗಳನ್ನು, ಅತ್ತೆ ತೊಳೆದು ಬಿಸಿಲಿಗೆ ಇಟ್ಟಿದ್ದರು. ನನ್ನ ಚಪ್ಪರದ ಕಂಬಗಳಿಗೇ ಒರಗಿಸಿ ಇಟ್ಟಿದ್ದರು, ಯಾವಾಗಲೂ ಇಡುತ್ತಿದ್ದುದು ಅಲ್ಲೇ. ಹಿಂದಿನ ಬೆಳೆ ಮುಗಿದಾಗ ಅದರಲ್ಲಿ ಅಂಟಿ ಉಳಿದಿದ್ದ ರೇಷ್ಮೆ ಎಳೆಯನ್ನು ಸೂರಕ್ಕಿ ಕಿತ್ತುಕೊಂಡು ಹೋಗಿ ಮೆಟ್ಟಿನ ಬಳ್ಳಿಯ ಒಂದು ಎಳೆಗೆ ಗೂಡು ನೇಯ್ದುಕೊಂಡಿತ್ತು. ಒಳಗೆ ಎರಡು ಮರಿ.

ಶನಿವಾರ ಅತ್ತೆ ಮಾವ ಕೆಂಗಲ್ ಆಂಜನೇಯನ ದರ್ಶನಕ್ಕೆ ಹೋದರು. ಮಹೇಶ ಡ್ಯೂಟಿಗೆ ಹೋಗಿದ್ದರು. ನಾನು ಬಾಯಿಗೆ ಬಟ್ಟೆ ಕಟ್ಟಿಕೊಂಡು ಗೂಡಿದ್ದ ಎಳೆಯೊಂದನ್ನು ಬಿಟ್ಟು ಚಪ್ಪರವನ್ನೆಲ್ಲ ತೋಯಿಸಿದೆ. ಚಂದ್ರಿಕೆಗಳ ಮೇಲೂ ಬಿತ್ತು. ಬೀಳುವುದನ್ನು ಕಣ್ಣಾರೆ ಕಂಡೆ. ಮುಂದಿನ ಬೆಳೆಗೆ ಇನ್ನೂ ತಿಂಗಳಿದೆ, ಅಷ್ಟರಲ್ಲಿ ನಾನೇ ತೊಳೆದಿಟ್ಟರಾಯಿತು ಎಂದುಕೊಂಡೆ. ನಮ್ಮ ಮನೆಯಲ್ಲಿ ಹುಳ ಇಲ್ಲ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಊರಲ್ಲಿ ಹುಳ ಇದೆ ಎಂಬುದು ತಲೆಗೇ ಬರಲಿಲ್ಲ.

ಪಂಪು ತೊಳೆದು ಅಟ್ಟಕ್ಕೆ ಸೇರಿಸಿ, ಮೈಕೈಗೆಲ್ಲ ಸೋಪು ಹಚ್ಚಿಕೊಂಡು ಬಚ್ಚಲಲ್ಲಿ ನೀರು ಹುಯ್ದುಕೊಳ್ಳುತ್ತಿದ್ದೆ. ಹಿತ್ತಲಿಂದ ಜಯಕ್ಕನ ದನಿ. "ಶೈಲವ್ವ, ಹುಳ ಹಣ್ಣಾಗೋದ್ವು ಕಣವ್ವ. ಚಂದ್ರಿಕೆ ಎತ್ಕಂಡೋಯ್ತಾ ಇವ್ನಿ."

"ಹ್ಞೂಂ ಜಯಕ್ಕ" ಎಂದೆ.

ಚೆನ್ನಾಗಿಯೇ ಕೇಳಿಸಿತ್ತು. ಚಂದ್ರಿಕೆ ಊರಿನಲ್ಲಿ ಒಬ್ಬರ ಮನೆಯಿಂದ ಒಬ್ಬರ ಮನೆಗೆ ತಿರುಗುವ ವಸ್ತು. ಯಾರೂ ಕೇಳಿ ಒಯ್ಯುವುದಿಲ್ಲ, ಒಯ್ಯುತ್ತಿದ್ದೇನೆ ಎಂದು ಒಂದು ಮಾತು ಹೇಳುತ್ತಾರೆ, ಮನೆಯವರು ಹ್ಞೂಂ ಎನ್ನುತ್ತಾರೆ. ಮದುವೆಯಾಗಿ ಬಂದಾಗಿನಿಂದ ಎಷ್ಟು ಸಲ ಹ್ಞೂಂ ಅಂದಿದ್ದೇನೋ, ಇದೂ ಹಾಗೆಯೇ ಬಾಯಿಂದ ಬಂತು. ಸೀರೆ ಉಟ್ಟೆ, ಬಟ್ಟೆ ಹಿಂಡಿ ಹರವಿದೆ, ಅನ್ನಕ್ಕಿಟ್ಟೆ. ತಲೆ ಬಾಚಿಕೊಳ್ಳುತ್ತ ಹಿತ್ತಲ ಬಾಗಿಲಿಗೆ ಬಂದು ನಿಂತಾಗ ಚಪ್ಪರದ ಕಂಬಗಳು ಬೋಳಾಗಿ ಕಂಡವು. ಬಾಚಣಿಗೆ ತಲೆಯಲ್ಲೇ ಸಿಕ್ಕಿಸಿಕೊಂಡು ಓಡಿದೆ.

ಜಯಕ್ಕ ಆಗಲೇ ಅರ್ಧ ಚಂದ್ರಿಕೆಗಳಿಗೆ ಹುಳ ಬಿಟ್ಟಿದ್ದಳು. ಉಳಿದರ್ಧ ಗೋಡೆಗೆ ಒರಗಿದ್ದವು. ಹಣ್ಣಾದ ಹುಳ ಜೇನಿನ ಬಣ್ಣಕ್ಕೆ ತಿರುಗಿ ತಲೆ ಎತ್ತಿ ಜಾಗ ಹುಡುಕುತ್ತಿದ್ದವು. ಬುಟ್ಟಿಯಲ್ಲಿ ಇನ್ನಷ್ಟು ತುಂಬಿಟ್ಟಿದ್ದಳು. ಮುಖದಲ್ಲಿ ಅಂಥ ನಗು ನಾನು ಅವಳ ಗಂಡ ಹೋದ ಮೇಲೆ ಕಂಡಿರಲಿಲ್ಲ.

"ಜಯಕ್ಕ, ಬಿಡಬೇಡ. ಅದಕ್ಕೆ ಔಷಧಿ ಬಿದ್ದಿದೆ. ಬಳ್ಳಿಗೆ ಹೊಡೆದೆ, ಅದರ ಮೇಲೂ ಬಿತ್ತು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಚಂದ್ರಿಕೆಯೊಂದನ್ನು ಮೂಗಿಗೆ ಹಿಡಿದಳು. ದೂರದ ಮಾವಿನ ತೋಪುಗಳಿಂದ ದಿನವೂ ಅದೇ ವಾಸನೆ ಬರುತ್ತಿದ್ದ ಕಾಲ, ಅವಳು ಗಮನಿಸಿರಲಿಲ್ಲ. "ಏನ್ ಮಾಡ್ಬುಟ್ಟೆ ತಾಯಿ" ಎಂದಳು, ಬೈಯುವ ದನಿಯಲ್ಲೂ ಅಲ್ಲ. ನನ್ನ ಬಾಯಿಂದ ಮಾವನವರ ಹೆಸರು ಬಂತು. ಅವರಿಗೆ ಗೊತ್ತಾದರೆ ಆ ಮನೆಯಲ್ಲಿ ನನಗೆ ಜಾಗ ಇರುವುದಿಲ್ಲ ಎಂದು ಅಳತೊಡಗಿದೆ. ಅವಳ ಹುಳ ಸಾಯುತ್ತಿರುವಾಗ ನಾನು ಅತ್ತದ್ದು ನನ್ನ ಜಾಗಕ್ಕೆ.

"ಈಗ ಯಾರ್ಗೂ ಹೇಳ್ಬ್ಯಾಡ ಬುಡು. ಮೊದ್ಲು ಹುಳ ಉಳಿಸ್ಕಳನ. ನೀನೋಗಿ ಚಂದ್ರಿಕೆ ಹುಡುಕ್ಕಂಡ್ ಬಾ" ಎಂದಳು ಜಯಕ್ಕ.

ಹಣ್ಣಾದ ಹುಳ ಕಾಯುವುದಿಲ್ಲ. ಜಾಗ ಸಿಗದಿದ್ದರೆ ಬುಟ್ಟಿಯಲ್ಲೇ ಒಂದರ ಮೇಲೊಂದು ನೂಲು ಬಿಟ್ಟು ಹಾಳಾಗುತ್ತವೆ. ಸಂಜೆಯೊಳಗೆ ಆಗಬೇಕು. ನಾನು ಮನೆಮನೆಗೂ ಓಡಿದೆ. ನಮ್ಮ ಚಂದ್ರಿಕೆ ಗೆದ್ದಲು ಹಿಡಿದು ಮುರಿದಿವೆ ಎಂದು ಎಲ್ಲರಿಗೂ ಹೇಳಿದೆ. ಒಂದು ಕಡೆ ಎರಡು ಸಿಕ್ಕವು, ಇನ್ನೊಂದು ಕಡೆ ಒಂದು, ಊರಾಚೆಯ ತೋಟದ ಮನೆಯಲ್ಲಿ ಮೂರು. ತಲೆಯ ಮೇಲೆ ಹೊತ್ತು ಬಿಸಿಲಲ್ಲಿ ಓಡಿ ಬರುವಷ್ಟರಲ್ಲಿ ಜಯಕ್ಕ ಬಿಟ್ಟಿದ್ದ ಹುಳಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ತೆಗೆದಿದ್ದಳು. ಅವು ತಲೆ ಆಡಿಸುತ್ತಿದ್ದವು. ಕೆಲವು ಆಗಲೇ ಹಸಿರು ನೀರು ಕಕ್ಕುತ್ತಿದ್ದವು. ಹೋದವು ಹೋಗಲಿ, ಬುಟ್ಟಿಯಲ್ಲಿರುವ ಒಳ್ಳೆಯ ಹುಳವನ್ನಾದರೂ ಉಳಿಸಿಕೊಳ್ಳೋಣ ಎಂದು ಹೊಸ ಚಂದ್ರಿಕೆಗೆ ಬಿಡತೊಡಗಿದೆವು. ನಾಲ್ಕು ಕೈ ಸರಸರ ಆಡುತ್ತಿದ್ದವು.

ಮುಕ್ಕಾಲು ಕೆಲಸ ಮುಗಿದ ಮೇಲೆ ಜಯಕ್ಕ ಗಕ್ಕನೆ ನಿಂತಳು. ತನ್ನ ಅಂಗೈ ನೋಡಿಕೊಂಡಳು. ಔಷಧಿಯ ಚಂದ್ರಿಕೆಗಳನ್ನು ಹೊತ್ತು ತಂದ ಕೈ, ಸಾಯುವ ಹುಳ ಬಿಡಿಸಿದ ಕೈ, ಅದೇ ಕೈಯಲ್ಲಿ ಒಳ್ಳೆಯ ಹುಳ ಎತ್ತಿ ಎತ್ತಿ ಇಟ್ಟಿದ್ದಳು. ಗಾಬರಿಯಲ್ಲಿ ಅವಳಿಗೂ ಹೊಳೆಯಲಿಲ್ಲ, ಓದಿದವಳು ಎನ್ನಿಸಿಕೊಂಡ ನನಗೂ ಹೊಳೆಯಲಿಲ್ಲ. ಅವಳು ಹಾಗೆಯೇ ನೆಲಕ್ಕೆ ಕೂತಳು.

ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಚಂದ್ರಿಕೆಯ ತುಂಬ ಹುಳ ಜೋತುಬಿದ್ದಿದ್ದವು. ಅರ್ಧ ನೇಯ್ದ ಗೂಡಿನ ಒಳಗಿಂದ ಕಪ್ಪಾಗಿ ಕಾಣುತ್ತಿದ್ದವು. ಇನ್ನೂ ನೂಲು ಬಿಡುತ್ತಿದ್ದ ಹುಳಗಳನ್ನು ಜಯಕ್ಕ ಬೆರಳಿಟ್ಟು ಎಣಿಸಿದಳು. ಅವೆಲ್ಲ ಗೂಡಾದರೂ ಒಂದು ಮೊರದ ತಳ ಮುಚ್ಚುವಷ್ಟಿರಲಿಲ್ಲ.

ಮನೆಗೆ ಬಂದರೆ ಹಿತ್ತಲಲ್ಲಿ ಸದ್ದಿಲ್ಲ. ಚಪ್ಪರದ ಕೆಳಗೆ ಜೇನುಗಳು ಬಿದ್ದಿದ್ದವು, ಒಂದು ದುಂಬಿ ಅಂಗಾತ ಬಿದ್ದು ಸುತ್ತುತ್ತಿತ್ತು. ಗಂಡು ಸೂರಕ್ಕಿ ಎಂದಿನಂತೆ ಬಂದು ಹೂವಿಗೆ ಕೊಕ್ಕು ಹಾಕಲು ನೋಡಿತು. ಹೋಗು, ಹೋಗು ಎಂದು ತಟ್ಟೆ ಬಡಿದೆ. ಹಾರಿ ಬೇಲಿಯ ಮೇಲೆ ಕೂತಿತು, ಮತ್ತೆ ಬಂತು. ಯಾವ ಹಕ್ಕಿಯನ್ನು ಕರೆಯಲು ಮೂರು ವರ್ಷ ಈ ಹೂವು ಬೆಳೆಸಿದೆನೋ ಅದನ್ನೇ ಓಡಿಸುತ್ತ ಹುಚ್ಚಿಯ ಹಾಗೆ ನಿಂತಿದ್ದೆ. ಎಷ್ಟು ಹೊತ್ತು ನಿಲ್ಲಲಿ? ಕುಡುಗೋಲು ತಂದು ಹೂವಿದ್ದ ಎಳೆಗಳನ್ನೆಲ್ಲ ಕತ್ತರಿಸಿದೆ. ಮೊಗ್ಗನ್ನೂ ಬಿಡಲಿಲ್ಲ. ಗೂಡಿದ್ದ ಎಳೆಯೊಂದೇ ಉಳಿಯಿತು. ಹೆಣ್ಣು ಹಕ್ಕಿ ಬರಲೇ ಇಲ್ಲ. ಮರಿಗಳ ಚೀವ್ ಚೀವ್ ಸೋಮವಾರ ಮಧ್ಯಾಹ್ನದವರೆಗೆ ಕೇಳುತ್ತಿತ್ತು.

ಮಾವನವರು ಬೋಳು ಚಪ್ಪರ ನೋಡಿ, "ತಿಗಣೆ ಜಾಸ್ತಿ ಆಯ್ತೇನವ್ವ, ಕತ್ತರಿಸ್ಬುಟ್ಟಿದ್ದೀಯ?" ಎಂದರು. ಹೌದು ಮಾವ ಎಂದೆ. "ಒಳ್ಳೇದಾಯ್ತು ಬುಡು, ಬುಡ ಐತಲ್ಲ, ಮತ್ತೆ ಚಿಗುರ್ಕತೈತೆ" ಎಂದು ಸಮಾಧಾನ ಹೇಳಿದರು. ಆಗಲಾದರೂ ಹೇಳಬಹುದಿತ್ತು. ಕತ್ತರಿಸಿದ ಎಳೆಗಳನ್ನು ಬಾಚಿ ಬುಟ್ಟಿಗೆ ತುಂಬತೊಡಗಿದೆ.

ಮಂಗಳವಾರ ಬೆಳಿಗ್ಗೆ ಪುಟ್ಟರಾಜು ಜಯಕ್ಕನ ಮನೆಗೆ ಬಂದ. ಮಾವನವರಿಗೂ ಹೇಳಿಕಳಿಸಿದ್ದ. ನಾನೂ ಹಿಂದೆಯೇ ಹೋದೆ. ಇವತ್ತು ಹೇಳಿಯೇ ಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ನಾನು ಒಂದು ಮಾತು ಹೇಳಿದರೆ ಕೆಡಿಸಿದ್ದು ಜಯಕ್ಕ ಅಲ್ಲ ಎಂದಾಗುತ್ತದೆ, ಮಾವನವರೇ ನಿಂತು ಅವಳಿಗೆ ಇನ್ನೊಂದು ಬೆಳೆ ಕೊಡಿಸುತ್ತಾರೆ. ಅದು ನನಗೆ ಹಗಲಿನಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಜಯಕ್ಕನಿಗೂ ಗೊತ್ತಿತ್ತು. ನಾನು ಜಗಲಿ ಹತ್ತಿದಾಗ ಒಸಿ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ಮಾವನವರು ಸತ್ತ ಹುಳವೊಂದನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ರೋಗ ಅಲ್ಲ ಇದು. ಔಷ್ದಿ ಸೋಕೈತೆ" ಎಂದರು.

"ಅಂಗಾರೆ ಎಲ್ಲೋ ಔಷ್ದಿ ಬಿದ್ದಿರೋ ಸೊಪ್ಪು ಕುಯ್ಕಂಬಂದು ಹಾಕವ್ಳೆ. ಸೊಪ್ಪು ಮೂಸಿ ನೋಡ್ದೆ ಹುಳಕ್ಕೆ ಹಾಕೋಳು ತೋಟ ಇಟ್ಕಂಡು ಏನ್ ಮಾಡಾಳು?" ಎಂದ ಪುಟ್ಟರಾಜು.

ಮಾವನವರು ನನ್ನ ಕಡೆ ತಿರುಗಿದರು. "ಶನಿವಾರ ಹುಳ ಬುಡೋವಾಗ ನೀನೂ ಇದ್ದಲ್ಲವ್ವ. ಏನಾಯ್ತು? ನೀನು ಓದ್ದೋಳು, ಇದ್ದದ್ದು ಇದ್ದಂಗೆ ಹೇಳು."

ಎಲ್ಲರೂ ನನ್ನನ್ನು ನೋಡಿದರು. ಜಯಕ್ಕ ನೋಡಲಿಲ್ಲ. ಅವಳು ನೆಲ ನೋಡುತ್ತ ಕಾಯುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ನನಗೆ ಅವಳು ಉಸಿರು ಬಿಗಿ ಹಿಡಿದದ್ದು ತಿಳಿಯುತ್ತಿತ್ತು. ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಬಾಯಲ್ಲೇ ಇತ್ತು.

"ಗೊತ್ತಿಲ್ಲ ಮಾವ" ಎಂದೆ.

ಜಯಕ್ಕ ಹಿಡಿದಿದ್ದ ಉಸಿರು ಬಿಟ್ಟಳು. "ನನ್ನ ಕೈಲಾಗ್ನಿಲ್ಲ, ಬುಡಿ" ಎಂದು ಎದ್ದು ಒಳಗೆ ಹೋಗಿ, ತೋಟದ ಪಂಪ್‌ಸೆಟ್ ಮನೆಯ ಬೀಗದ ಕೈ ತಂದು ಪುಟ್ಟರಾಜುವಿನ ಮುಂದಿಟ್ಟಳು. ಅವನು ಎತ್ತಿಕೊಂಡು ಜೇಬಿಗೆ ಹಾಕಿಕೊಂಡ.

ಮುಂದೆ ಮಳೆ ಬಿದ್ದಾಗ ಅಲ್ಲಿ ಮಾವಿನ ಸಸಿ ಇಟ್ಟರು. ಜಯಕ್ಕ ಬೆಳಗಾಗೆದ್ದು ಗಾರ್ಮೆಂಟ್ಸ್ ಬಸ್ಸು ಹತ್ತತೊಡಗಿದಳು. ನಾನು ಬಳ್ಳಿ ಬೆಳೆಸುವುದನ್ನು ಬಿಟ್ಟೆ. ಫೋನ್ ಮಾಡಿದವರಿಗೆಲ್ಲ ಇಲ್ಲ ಎಂದೆ. ಮಹೇಶನಿಗೆ ಓಡಾಟ ಕಷ್ಟ ಎಂಬ ನೆವ ಹೇಳಿ ಬಿಡದಿಗೆ ಮನೆ ಮಾಡಿಸಿದವಳೂ ನಾನೇ. ಜಯಕ್ಕ ಒಂದು ದಿನವೂ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಾನು ಇಷ್ಟು ಬೇಯುತ್ತಿರಲಿಲ್ಲವೇನೋ.

ಅವತ್ತು ಗಂಡಸರೆಲ್ಲ ಎದ್ದು ಹೋದ ಮೇಲೆ ನಾನು ಜಗಲಿಯ ಮೇಲೆ ಹಾಗೇ ಕೂತಿದ್ದೆ. ಜಯಕ್ಕ ಒಳಗಿಂದ ಕರೆದಳು. "ಶನಿವಾರದಿಂದ ಏನೂ ತಿಂದಿಲ್ಲ ನೀನು, ಮುಖ ನೋಡುದ್ರೆ ಗೊತ್ತಾಯ್ತದೆ. ಬಾ, ಮುದ್ದೆ ಮಾಡಿವ್ನಿ, ಉಂಡೋಗು." ಹೋಗಿ ಕೂತೆ. ಕೈಗೆ ನೀರು ಕೊಟ್ಟು, ಮುದ್ದೆ ಇಟ್ಟು ಸಾರು ಬಿಟ್ಟಳು. ಇನ್ನೊಸಿ ಬಿಡಲಾ ಎಂದು ಕೇಳಿದಳು. ಹ್ಞೂಂ ಎಂದೆ. ಅವಳು ಬಿಟ್ಟಳು, ನಾನು ಉಂಡೆ.